ಅಡ್ಡಗೆರೆಯಾಗಿ ಹೋದ ಮಗಳಿಗೆ ಟೀಚರನ್ನು ಉಳಿಸಿಕೊಡುವ ಬಗ್ಗೆ

ಇಂದ:
ಸಲೂನಿನ ಮಾಲೀಕ, ಶಾಲೆಯ ಹಿಂದಿನ ರಸ್ತೆ
(ಹೆಸರು ತಮ್ಮದೇ ನಿಯಮದಂತೆ ಗೌಪ್ಯ)

ಗೆ:
ಮಾನ್ಯ ಮುಖ್ಯಾಧಿಕಾರಿಗಳು, ಅಂಕಿಅಂಶ ಕಚೇರಿ, ಕೆಳಗಿನ ಮಹಡಿ
(ಮೇಲಿನ ಮಹಡಿಯ ಶಾಲಾ ಯೋಜನಾ ವಿಭಾಗಕ್ಕೂ ಕೇಳಿಸುವಂತೆ)

ವಿಷಯ: ಇದ್ದೂ ಇಲ್ಲದಂತಾದ ಮೂವರು ಮಕ್ಕಳನ್ನು ಇದ್ದಾರೆಂದು ಭಾವಿಸುವ ಕುರಿತು.

ಉಲ್ಲೇಖ: 1. ತಾವು ಸಾರ್ವಜನಿಕರ ಉಪಯೋಗಕ್ಕೆಂದು ಹೊರತಂದ ವಾರ್ಡುವಾರು ಅಂಕಿಅಂಶ ಪುಸ್ತಕ, 'ಕಿವಿ ಕೇಳದ ಮಕ್ಕಳು' ಎಂಬ ಕಾಲಂ.
2. ಅರ್ಜಿದಾರನ ಮಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕತ್ತರಿ ಹಿಡಿದು ಬದುಕುವ ಅರ್ಜಿದಾರನು ಇಂದು ಪೆನ್ನು ಹಿಡಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಮಗಳಿಗೆ ಎಂಟು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮೊದಲೆಲ್ಲ ಅವಳು ಅತ್ತರೆ ಎಲ್ಲಿ ನೋವೆಂದು ತಿಳಿಯಲು ತಲೆಯಿಂದ ಕಾಲಿನವರೆಗೆ ಒತ್ತಿ ನೋಡಬೇಕಿತ್ತು. ಶಾಲೆಗೆ ಸನ್ನೆ ಭಾಷೆಯ ಟೀಚರ್ ಬಂದ ಮೇಲೆ ಹಲ್ಲು ನೋವೋ ಹೊಟ್ಟೆ ನೋವೋ ಅವಳೇ ಹೇಳುತ್ತಾಳೆ. ಅಪ್ಪ ಅಂಗಡಿಯ ಹಿಂದೆ ಸಿಗರೇಟು ಸೇದಿದ್ದನ್ನೂ ಅಮ್ಮನಿಗೆ ಹೇಳುತ್ತಾಳೆ. ಈ ಎರಡನೆಯದರಿಂದ ಅರ್ಜಿದಾರನಿಗೆ ತೊಂದರೆಯಾಗಿದ್ದರೂ ದೂರಿಲ್ಲ.

2. ಅದೇ ಟೀಚರ್ ಬೇಕರಿಯವರ ಮಗನಿಗೂ ಬಸ್ ಡ್ರೈವರ್ ಮಗಳಿಗೂ ಕಲಿಸುತ್ತಾರೆ. ಒಟ್ಟು ಮೂವರು. ಐದಕ್ಕಿಂತ ಕಡಿಮೆಯಿದ್ದರೆ ಯಾರೆಂದು ಜನ ಗುರುತು ಹಿಡಿದುಬಿಡುತ್ತಾರೆ, ಆದಕಾರಣ ಸಂಖ್ಯೆಯ ಬದಲು ಅಡ್ಡಗೆರೆ ಎಳೆಯತಕ್ಕದ್ದು ಎಂಬುದು ತಮ್ಮ ನಿಯಮ. ಈ ಕಾಳಜಿಗೆ ಅರ್ಜಿದಾರನ ಕಣ್ಣು ತುಂಬಿ ಬಂತು. ಸದರಿ ಮಗಳಿಗೆ ಕಿವಿ ಕೇಳದೆಂಬುದು ಹಾಲಿನವನಿಗೆ ಗೊತ್ತು, ಪೋಸ್ಟ್‌ಮ್ಯಾನ್‌ಗೆ ಗೊತ್ತು, ಬೀದಿ ನಾಯಿಗೂ ಗೊತ್ತು. ಅದು ಅವಳೆದುರು ಬೊಗಳುವ ಗೋಜಿಗೆ ಹೋಗದೆ ಬಾಲ ಅಲ್ಲಾಡಿಸುತ್ತದೆ. ಗುಟ್ಟು ಗುಟ್ಟಾಗಿ ಉಳಿದಿರುವುದು ಟೀಚರನ್ನು ಕೊಡಬೇಕಾದ ಕಚೇರಿಯಲ್ಲಿ ಮಾತ್ರ.

3. ಮೇಲಿನ ಮಹಡಿಯವರು ಸದರಿ ಅಂಕಿಅಂಶ ಪುಸ್ತಕ ತೆರೆದು, ಗೆರೆ ಕಂಡು, ಮಕ್ಕಳೇ ಇಲ್ಲವೆಂದು ತೀರ್ಮಾನಿಸಿ, ಟೀಚರನ್ನು ಬೇರೆ ಊರಿಗೆ ವರ್ಗ ಮಾಡಿದ್ದಾರೆ. ಶನಿವಾರ ಅವರ ಕೊನೆಯ ದಿನ. ಆದ್ದರಿಂದ ಅರ್ಜಿದಾರನು ಮಗಳನ್ನು ಮೇಲಿನ ಮಹಡಿಗೆ ಕರೆದೊಯ್ದು ಅಲ್ಲಿನ ಮೇಡಂ ಮೇಜಿನ ಮುಂದೆ ನಿಲ್ಲಿಸಿದನು.

"ಇಲ್ಲಿ ಗೆರೆ ಇದೆ. ಗೆರೆ ಅಂದ್ರೆ ಯಾರೂ ಇಲ್ಲ ಅಂತ," ಎಂದರು ಮೇಡಂ.

"ಹಾಗಾದ್ರೆ ಇವಳ್ಯಾರು ಮೇಡಂ?"

"ಅಯ್ಯೋ, ಮುದ್ದಾಗಿದ್ದಾಳೆ. ಆದ್ರೆ ಇವಳನ್ನ ನೋಡಿ ಫೈಲ್ ಬರೆಯೋಕಾಗುತ್ತೇನ್ರೀ? ಪುಸ್ತಕ ನೋಡಿ ಬರೀಬೇಕು."

ಕೆಳಗಿಳಿದು ತಮ್ಮ ಗುಮಾಸ್ತರನ್ನು ಕೇಳಲಾಗಿ, "ಗೆರೆ ಅಂದ್ರೆ ಇಲ್ಲ ಅಂತ ಅಲ್ಲಪ್ಪಾ, ಹೇಳೋ ಹಾಗಿಲ್ಲ ಅಂತ. ಇಲ್ಲದಿದ್ರೆ ಸೊನ್ನೆ ಹಾಕ್ತೀವಿ," ಎಂದರು.

"ಅಷ್ಟನ್ನೇ ಮೇಲಿನವರಿಗೆ ಒಂದು ಮಾತು ಹೇಳಿಬಿಡಿ ಸಾರ್."

"ಹೇಳಿದ್ರೆ ಗುಟ್ಟು ರಟ್ಟಾಗಲ್ವಾ?"

ಎರಡು ಕಚೇರಿಗಳ ನಡುವೆ ಇರುವುದು ಮೆಟ್ಟಿಲು ಮಾತ್ರ. ಅದನ್ನು ಹತ್ತಿ ಇಳಿಯುವವನು ಅರ್ಜಿದಾರನೊಬ್ಬನೇ ಎಂದು ಕಾಣುತ್ತದೆ.

4. ಮೇಲಿನ ಮಹಡಿಯ ದೊಡ್ಡ ಸಾಹೇಬರು ಗಡ್ಡ ಮಾಡಿಸಲು ಅರ್ಜಿದಾರನ ಸಲೂನಿಗೇ ಬರುತ್ತಾರೆ. ಕೊರಳ ಮೇಲೆ ಕತ್ತಿ ಇದ್ದಾಗ ಕೇಳಿದರೆ ಇಲ್ಲವೆನ್ನಲಾರರೆಂದು ಆ ಹೊತ್ತಿನಲ್ಲೇ ಕೇಳಲಾಯಿತು. ಸಾಹೇಬರು ಅಳುಕಲಿಲ್ಲ. "ಐದು ಮಕ್ಕಳಾದ್ರೆ ತಾನಾಗೇ ಪುಸ್ತಕದಲ್ಲಿ ಬರುತ್ತೆ ಕಣಯ್ಯಾ. ಇನ್ನಿಬ್ಬರು ಸಿಗ್ತಾರಾ ನೋಡು," ಎಂದರು, ನೊರೆಯ ನಡುವಿನಿಂದ. ಆಗಲೂ ಕತ್ತಿ ಜಾರಲಿಲ್ಲ ಎಂಬುದನ್ನು ತಾವು ಅರ್ಜಿದಾರನ ಸನ್ನಡತೆಗೆ ಪುರಾವೆಯಾಗಿ ಪರಿಗಣಿಸಬಹುದು.

ಮನೆಯಲ್ಲಿ ಹೇಳಿದಾಗ, "ಎಲ್ಲಿಂದ ತರೋದಂತೆ? ಕೇಜಿಗೆ ಎಷ್ಟಂತೆ?" ಎಂದಳು ಹೆಂಡತಿ. ಅರ್ಜಿದಾರನ ವಯಸ್ಸಾದ ತಾಯಿಗೆ ಇದನ್ನೇ ಕೂಗಿ ಕೂಗಿ ಹೇಳಬೇಕಾಯಿತು. ತಿಳಿದ ಕೂಡಲೇ, "ನಂಗೂ ಕೇಳಲ್ವಲ್ಲೋ, ನನ್ನನ್ನ ಸೇರಿಸು. ಪಕ್ಕದ ಮನೆ ತಾತನ್ನೂ ಸೇರಿಸು, ಐದಾಯ್ತು," ಎಂದರು. ಕಾಲಂನಲ್ಲಿ 'ಮಕ್ಕಳು' ಎಂದಿರುವ ಕಾರಣ ಈ ಉಪಾಯವೂ ಬಿದ್ದುಹೋಯಿತು.

5. ಟೀಚರ್ ಗಂಟುಮೂಟೆ ಕಟ್ಟುವುದನ್ನು ನಿನ್ನೆ ಮಗಳು ನೋಡಿದಳು. ಅಂಗಡಿಗೆ ಓಡಿಬಂದು, ಗಿರಾಕಿ ಕೂತಿರುವಾಗಲೇ ಅರ್ಜಿದಾರನ ಅಂಗಿ ಜಗ್ಗಿ, ಟೀಚರ್ ಯಾಕೆ ಹೋಗುತ್ತಿದ್ದಾರೆಂದು ಕೈಯಲ್ಲಿ ಕೇಳಿದಳು. ಅರ್ಜಿದಾರನಿಗೆ ಬರುವ ಸನ್ನೆಗಳು ಊಟ, ನೀರು, ನಿದ್ದೆ, ಬಾ, ಜೋಪಾನ, ಇಷ್ಟೇ. ಉಳಿದದ್ದನ್ನು ಟೀಚರ್ ಇನ್ನೂ ಕಲಿಸಬೇಕಿತ್ತು. ಅವನು ಕತ್ತರಿ ಕೆಳಗಿಟ್ಟು, 'ಬಾ, ಊಟ' ಎಂದು ಕೈಯಲ್ಲಿ ಹೇಳಿದನು. ಅಪ್ಪ ಗೊತ್ತಿದ್ದೂ ಮುಚ್ಚಿಡುತ್ತಿದ್ದಾನೆಂದುಕೊಂಡು ಅವಳು ಮುಖ ತಿರುಗಿಸಿಕೊಂಡು ಹೋದಳು.

ಆದ್ದರಿಂದ, ಸದರಿ ಗೆರೆಯ ಪಕ್ಕದಲ್ಲಿ 'ಇದ್ದಾರೆ' ಎಂಬ ಒಂದೇ ಪದ ಬರೆದು ಮೇಲಿನ ಮಹಡಿಗೆ ಕಳುಹಿಸಬೇಕಾಗಿ ಪ್ರಾರ್ಥನೆ. ಎಷ್ಟು ಮಂದಿ ಎಂದು ಹೇಳುವುದು ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ತಮ್ಮ ವಿಶ್ವಾಸಿ,
(ಶನಿವಾರದವರೆಗೆ)
ಅರ್ಜಿದಾರ

ಲಗತ್ತುಗಳು:
1. ಗೆರೆಯಿರುವ ಪುಟದ ಜೆರಾಕ್ಸ್.
2. ಮಗಳು (ಮೂಲ ಪ್ರತಿ, ನೋಡಿ ಹಿಂತಿರುಗಿಸುವುದು).
3. ತಾಯಿಯವರ ಹೆಬ್ಬೆಟ್ಟಿನ ಒಪ್ಪಿಗೆ, ನಿಯಮ ಬದಲಾದರೆ ಇರಲಿ ಎಂದು.

ವಿ.ಸೂ.: ಮೇಲಿನ ಕೋರಿಕೆ ಈಡೇರಿಸಲು ಸಾಧ್ಯವಿಲ್ಲದಿದ್ದಲ್ಲಿ, ಗೌಪ್ಯತೆಯ ನಿಯಮವನ್ನು ಸದರಿ ಮಗಳಿಗೆ ಅರ್ಥವಾಗುವಂತೆ ಸನ್ನೆ ಭಾಷೆಯಲ್ಲಿ ತಿಳಿಸಿ ಹೇಳಲು ಒಬ್ಬ ಟೀಚರನ್ನು ನೇಮಿಸಬೇಕಾಗಿ ವಿನಂತಿ.