ಕಮ್ಮಿ ಎಂಬ ಪದವೂ ಬೀಗರ ಧೋತರವೂ

ನಾನು ಶಾಲೆ ಬೇಗ ಬಿಟ್ಟವನು. ಆದರೆ ಬ್ಯಾಡಗಿ ಸುತ್ತಮುತ್ತ ನನ್ನ ಕುಲುಮೆಯ ಕುಡಗೋಲು ಹಿಡಿಯದ ರೈತನಿಲ್ಲ. ಇಂಥವನಿಗೆ ಒಂದು ಪದದ ಮೂಲ ಹೇಳುವುದು ಯಾವ ಮಹಾ ಕೆಲಸ ಅಂದುಕೊಂಡೆ!

ಅಂದು ಮಗಳು ಸುಧಾಳನ್ನು ನೋಡಲು ಗುತ್ತಲದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ಅಪ್ಪ ಕನ್ನಡ ಮಾಸ್ತರರು. ಹೆಂಡತಿ ಮುಂಜಾನೆಯೇ ಎಚ್ಚರಿಸಿದ್ದಳು: "ಏನ್ರಿ, ಫೋಟೋ ನೋಡೇ ಸುಧಾಗ ಹುಡುಗ ಮನಸ್ಸಿಗೆ ಬಂದಾನ. ನೀವು ಮಾತಾಡಿ ಕೆಡಸಬ್ಯಾಡ್ರಿ."

ಚಹಾದ ಜೊತೆ ಕೊಟ್ಟ ಮಿರ್ಚಿ ಭಜಿ ಕಚ್ಚಿದ ಮಾಸ್ತರರು, "ಖಾರ ತುಸು ಕಮ್ಮಿ ಇರಬೇಕಿತ್ತು ನೋಡ್ರಿ" ಎಂದರು.

ನನಗೆ ಅಷ್ಟೇ ಸಾಕಾಯಿತು. "ಕಮ್ಮಿ ಅನ್ನೂ ಮಾತು ಎಲ್ಲಿಂದ ಬಂತು, ಗೊತ್ತೈತೇನ್ರಿ? ಕಮ್ಮಾರನಿಂದ! ಕಬ್ಬಿಣ ಕಾಸಿ ಬಡದರ ತೂಕ ಇಳೀತೈತಿ. ನಮ್ಮ ಹಿರ್ಯಾರ ಕುಲುಮಿಯೊಳಗ ಹುಟ್ಟಿದ ಮಾತದು!"

ಹಿರಿಯನೆಂದು ಕರೆಸಿದ್ದ ಪಕ್ಕದ ಮನೆಯ ಮಾಬುಸಾಬ ನಕ್ಕ. "ಬಸಣ್ಣಾ, ನಾವೂ ಉರ್ದುದಾಗ ಕಮ್, ಕಮೀ ಅಂತೇವಲ್ಲೋ. ನಮ್ಮ ಮನ್ಯಾಗ ಯಾವ ಕಮ್ಮಾರ ಅದಾನ?"

"ನೀವು ನಮ್ಮಿಂದ ಕಲ್ತೀರಿ!"

ಮಾಸ್ತರರು ಮೆಲ್ಲಗೆ, "ಅದು ಫಾರ್ಸಿ ಮಾತ್ರೀ. ಉರ್ದುದಿಂದ ನಮಗ ಬಂದೈತಿ. ಕಡಿಮೆ ಅನ್ನೂದು ನಮ್ದು" ಎಂದರು.

ನಾನು ಚಹಾ ಕುಡಿದು ಸುಮ್ಮನಿರಬಹುದಿತ್ತು. ಇರಲಿಲ್ಲ!

"ಪುಸ್ತಕ ಬರದವ್ರು ಕುಲುಮಿ ಮುಂದ ಕುಂತಿದ್ರೇನ್ರಿ? ಬರ್ರಿ, ತೋರಸ್ತೇನಿ!"

ಸಮಸ್ತ ಅತಿಥಿವರ್ಗವನ್ನು ಹಿತ್ತಲಿನ ಕುಲುಮೆಗೆ ಕರೆದೊಯ್ದೆ. ಕಬ್ಬಿಣದ ತುಂಡು ತೂಗಿದೆ, ಕಾಸಿದೆ, ಬಡಿದೆ, ತಣಿಸಿ ಮತ್ತೆ ತೂಗಿದೆ. ತಕ್ಕಡಿಯ ಮುಳ್ಳು ಕದಲಲಿಲ್ಲ! ಮತ್ತೆ ಕಾಸಿ, ಇದ್ದ ಸಿಟ್ಟೆಲ್ಲ ಸೇರಿಸಿ ಬಡಿದೆ. ಕೆಂಪು ಚೂರೊಂದು ಹಾರಿ ಮಾಸ್ತರರ ಹೊಸ ಧೋತರದ ಮೇಲೆ ಕೂತಿತು.

ಅಂಗೈಯಗಲ ತೂತು!

"ಕಮ್ಮಿ ಆತು ನೋಡ್ರಿ, ಧೋತರ!" ಎಂದ ಮಾಬುಸಾಬ. ಯಾರೂ ನಗಲಿಲ್ಲ. ಬಾಗಿಲಲ್ಲಿದ್ದ ಸುಧಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿದ್ದಳು. ಕೈಯಲ್ಲಿದ್ದ ಸುತ್ತಿಗೆಯನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯಲಿಲ್ಲ.

ಹೆಂಡತಿ, ಮಗಳ ಮದುವೆಗೆಂದು ನಾನು ತೆಗೆದಿಟ್ಟಿದ್ದ ಧೋತರವನ್ನೇ ತಂದು ಕೊಟ್ಟಳು. ಮಾಸ್ತರರು ಅದನ್ನುಟ್ಟು ಬಂದು, "ಅಳಬ್ಯಾಡವಾ ಸುಧಾ. ನೀ ನಮಗ ಪಸಂದ್ ಅದೀ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಗರ, ಈ ಪಸಂದ್ ಅನ್ನೂ ಮಾತು ಎಲ್ಲಿಂದ ಬಂತ್ರಿ?"

ಬಾಯಿ ತೆರೆದೆ. ಹಿಂದೆ ಹೆಂಡತಿಯ ಬಳೆಗಳು ಸದ್ದು ಮಾಡಿದವು.

"ಗೊತ್ತಿಲ್ರೀ."

"ಶಾಬ್ಬಾಸ್!" ಎಂದರು ಮಾಸ್ತರರು.

ಶಾಲೆಯಲ್ಲೂ ನಾನು ಇದೇ ಉತ್ತರ ಕೊಡುತ್ತಿದ್ದೆ. ಅಲ್ಲಿ ಹೊರಗೆ ನಿಲ್ಲಿಸುತ್ತಿದ್ದರು!