ಕಾಕಾನ ಹಕ್ಕಿ

ಜಗತ್ತಿನ ಯಾವ ಪಕ್ಷಿಶಾಸ್ತ್ರಜ್ಞನಿಗೂ ಗೊತ್ತಿಲ್ಲದ ಹಕ್ಕಿಯೊಂದು ನಮ್ಮ ಕಾಕಾನಿಗೆ ಗೊತ್ತು! ಸಾಕ್ಷಿ? ಕಾಕಾನೇ!

ನೌಕಾಪಡೆಯಲ್ಲಿದ್ದಾಗ ಯಾವುದೋ ದ್ವೀಪದ ಮಳೆಕಾಡಿಗೆ ಸಿಹಿನೀರು ತರಲು ಹೋಗಿದ್ದನಂತೆ. ಹಸಿರು ಎದೆ, ಕೆಂಪು ಕಣ್ಣಿನ ಹಕ್ಕಿಯೊಂದು ತಲೆಯ ಮೇಲಿನ ಕೊಂಬೆಯಲ್ಲೇ ಕೂತು ಹಾಡಿತಂತೆ.

“ಫೋಟೊ ಯಾಕ ತಗೀಲಿಲ್ಲ ಕಾಕಾ?”

“ಎರಡೂ ಕೈಯಾಗ ಕ್ಯಾನ್ ಇದ್ದುವಲೇ, ಕಾಲಿಲೆ ತಗೀಲೇನು?”

ಬೇಸಿಗೆ ರಜೆಗೆ ಧಾರವಾಡದಿಂದ ವಿಶಾಖಪಟ್ಟಣದ ಅವನ ಕ್ವಾರ್ಟರ್ಸಿಗೆ ಹೋದರೆ ಸಾಕು, ಊಟವಾದ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ ಆ ಕೂಗನ್ನು ಸೀಟಿ ಹೊಡೆದು ತೋರಿಸುತ್ತಿದ್ದ. ಎಂಥ ಚಂದದ ಮಧ್ಯಾಹ್ನಗಳು ಅವು! ವರ್ಷವರ್ಷಕ್ಕೆ ಹಕ್ಕಿಯೂ ಬೆಳೆಯುತ್ತಿತ್ತು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಗುಬ್ಬಿಯಷ್ಟಿದ್ದದ್ದು ಕಾಲೇಜು ಸೇರುವಷ್ಟರಲ್ಲಿ ಕೋಳಿಯಷ್ಟಾಗಿತ್ತು. “ಇನ್ನೆರಡು ವರ್ಷ ತಡೀರಿ, ಅದರ ಮ್ಯಾಲೆ ಕೂತು ಡ್ಯೂಟಿಗೆ ಹೋಗ್ತಾರ” ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿಂದಲೇ ಕೂಗುತ್ತಿದ್ದಳು.

ನಿವೃತ್ತಿಯಾಗಿ, ಮಗಳಿದ್ದ ವಿಜಯವಾಡದ ಭವಾನಿಪುರಂಗೆ ಮನೆ ಬದಲಿಸಿದ ಮೇಲೂ ಚಟ ಬಿಡಲಿಲ್ಲ. ಗವರ್ನರ್‌ಪೇಟೆಯಲ್ಲಿ ಒಬ್ಬ ಅಂಗಡಿಯವನಿಗೆ ಕೇಳಿಸಲೆಂದು ಸೀಟಿ ಹೊಡೆದರೆ ಮೂರು ಆಟೊ ಬಂದು ನಿಂತವು. ಕಾಕಾನಿಗೆ ಬೇಜಾರಾಯಿತೇ? ಮೂವರು ಡ್ರೈವರುಗಳಿಗೂ ಹಕ್ಕಿಯ ಕಥೆ ಹೇಳಿಯೇ ಕಳಿಸಿದ!

ನಾನೀಗ ಕೆಲಸಕ್ಕಿರುವುದು ವಿಶಾಖಪಟ್ಟಣದ ಹತ್ತಿರದ ಪರವಾಡದಲ್ಲಿ; ಮೊನ್ನೆ ಕಂಪನಿ ಬಸ್ಸಿನಲ್ಲಿ ಮೊಬೈಲ್ ನೋಡುತ್ತಿದ್ದೆ. ಮಳೆಕಾಡೊಂದರಲ್ಲಿ ಹೊಸ ಜಾತಿಯ ಹಕ್ಕಿ ಸಿಕ್ಕಿದೆ, ವಿಜ್ಞಾನಿಗಳು ಹೆಸರನ್ನೂ ಇಟ್ಟಿದ್ದಾರೆ ಎಂಬ ಸುದ್ದಿ. ಹಸಿರು ಎದೆ, ಕೆಂಪು ಕಣ್ಣು! ಅಯ್ಯೋ ದೇವರೇ, ಮೂವತ್ತು ವರ್ಷ ಸುಳ್ಳುಬುರುಕ ಎಂದು ನಕ್ಕಿದ್ದೆವಲ್ಲ! ಭಾನುವಾರವೇ ರೈಲು ಹತ್ತಿ ವಿಜಯವಾಡಕ್ಕೆ ಓಡಿದೆ.

ಮನೆಮಂದಿಯೆಲ್ಲ ಕೂಡಿದರು. “ತಪ್ಪಾತು ಕಾಕಾ” ಎಂದು ಕಾಲಿಗೆ ಬಿದ್ದು, ಆ ಹಕ್ಕಿಯ ಕೂಗಿನ ರೆಕಾರ್ಡಿಂಗ್ ಹಚ್ಚಿದೆ. ಅವನು ಕಣ್ಣು ಮುಚ್ಚಿ ಎರಡು ಸಲ ಕೇಳಿದ.

“ಇದಲ್ಲೋ ತಮ್ಮಾ.”

“ಹೌದು ಅಂದುಬಿಡು ಕಾಕಾ! ಯಾರು ಬಂದು ನೋಡ್ತಾರ?”

“ಹೆಂಗ ಅನ್ಲಿ? ಚಂದ ಐತಿ, ಖರೆ. ಆದರ ನಾ ಕೇಳಿದ್ದು ಇದಲ್ಲ. ತಡಿ, ಅದು ಹಿಂಗ...”

ತುಟಿ ಕೂಡಿಸಿ ಊದಿದ. ಮುಂದಿನ ಹಲ್ಲು ಹೋಗಿ ವಾರವಷ್ಟೇ ಆಗಿತ್ತು, ಬರೀ ಗಾಳಿ ಬಂತು. ಮತ್ತೆ ಊದಿದ. ಗಾಳಿಯೇ. ಅವನ ಕಣ್ಣು ತುಂಬಿತು. ಆ ಹಕ್ಕಿಯದೆಂದು ಅವನ ಹತ್ತಿರ ಇದ್ದದ್ದು ಆ ಸೀಟಿಯೊಂದೇ, ಅದೂ ಹೋಯಿತಲ್ಲ ಎಂದು ನನಗೂ ಸಂಕಟವಾಯಿತು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು ತುಟಿ ಚೂಪು ಮಾಡಿದಳು. ಇಡೀ ಕೂಗನ್ನು, ಕೊನೆಯ ಎಳೆತದ ಸಮೇತ, ಸೀಟಿ ಹೊಡೆದಳು. ಒಂಚೂರೂ ತಪ್ಪಲಿಲ್ಲ.

“ಹಾಂ, ಇದು” ಅಂದ ಕಾಕಾ.