ಸಾನ್ ಸಾಲ್ವಡಾರಿನಿಂದ ಬಂದ ಡಬ್ಬಿ

ಮಧ್ಯ ಅಮೆರಿಕದ ಸಾನ್ ಸಾಲ್ವಡಾರ್ ನಗರಕ್ಕೆ ಹೋದವರು ಏನು ತಿನ್ನಬೇಕು? ಈ ವಿಷಯದಲ್ಲಿ ತಾನಿರುವ ಮೆಲ್ಬರ್ನ್‌ನ ಪಾಯಿಂಟ್ ಕುಕ್ ಯಾಕೆ, ಇಡೀ ಆಸ್ಟ್ರೇಲಿಯಾದಲ್ಲೇ ತನ್ನನ್ನು ಮೀರಿಸುವ ಕನ್ನಡಿಗನಿಲ್ಲ ಎಂದು ಧಾರವಾಡದ ಗೌರೀಶ ನಂಬಿದ್ದ. ಆಫೀಸ್ ಕೆಲಸಕ್ಕೆಂದು ಹತ್ತು ದಿನ ಅಲ್ಲಿದ್ದು ಬಂದವನಲ್ಲವೇ! ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ಗೆಳೆಯ ಮೂರ್ತಿ ಅದೇ ಊರಿಗೆ ಟ್ರಿಪ್ ಬುಕ್ ಮಾಡಿದನೆಂದು ತಿಳಿದದ್ದೇ ತಡ, ಅವನ ನಾಲಿಗೆಯನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟ.

"ಪುಪುಸಾ ಬಿಡಬ್ಯಾಡ್ರಿ ಮೂರ್ತಿ! ಗೋವಿನಜೋಳದ ರೊಟ್ಟಿ, ಒಳಗ ಬೀನ್ಸು, ಚೀಸು. ಜೋಡಿಗೆ ಹುಳಿ ಹಿಡಿಸಿದ ಎಲೆಕೋಸು. ಕುಡ್ಯಾಕ ಅತೋಲ್, ಅಂದ್ರ ಬಿಸಿಬಿಸಿ ಗೋವಿನಜೋಳದ ಗಂಜಿ. ಆಹಾಹಾ!" ಎಂದು ಫೋನಿನಲ್ಲೇ ಚಪ್ಪರಿಸಿದ. "ನಾ ಇಳಕೊಂಡಿದ್ದ ಮಾರ್ತಾ ಅಜ್ಜಿ ಗೆಸ್ಟ್ ಹೌಸ್‌ನಾಗ ಇರ್ರಿ. ಆಕಿ ಪುಪುಸಾ ಮುಂದ ನಮ್ಮನಿ ರೊಟ್ಟಿ ಏನೂ ಅಲ್ಲ!"

ಮಾತಿನ ಭರದಲ್ಲಿ ಅಜ್ಜಿಯ ವಿಳಾಸವನ್ನೂ ಕಳಿಸಿಬಿಟ್ಟ, ಪುಣ್ಯಾತ್ಮ!

ರೊಟ್ಟಿಯ ಮಾತು ಅಡುಗೆಮನೆಯಲ್ಲಿದ್ದ ಹೆಂಡತಿ ನೇತ್ರಾಳ ಕಿವಿಗೂ ಬಿತ್ತು. ಎರಡು ವರ್ಷದಿಂದ ಇದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಗಂಡನ ಆ ಪ್ರಯಾಣಕ್ಕೆಂದು ಎರಡು ದಿನ ಕೂತು ನಲವತ್ತು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿಯೊಂದಿಗೆ ಸ್ಟೀಲ್ ಡಬ್ಬಿಗೆ ತುಂಬಿ ಕಳಿಸಿದ್ದವಳು ಅವಳೇ. ಹೋಗುವ ದಾರಿಯಲ್ಲೇ, ವಿಮಾನ ಬದಲಿಸುವಾಗ ಅದು ಕಳೆದುಹೋಯಿತೆಂದು ಗೌರೀಶ ಹೇಳಿದ್ದ.

ಟ್ರಿಪ್ ಮುಗಿಸಿದ ಮೂರ್ತಿ ಮೆಲ್ಬರ್ನ್‌ಗೆ ಬಂದಾಗ ಇವರ ಮನೆಗೇ ಊಟಕ್ಕೆ ಬಂದ. ಬ್ಯಾಗಿನಿಂದ ಮೊದಲು ತೆಗೆದದ್ದು ಒಂದು ಸ್ಟೀಲ್ ಡಬ್ಬಿ! ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ನೇತ್ರಾ.

ಗೌರೀಶ ಅವಸರದಿಂದ ಡಬ್ಬಿಯತ್ತ ಕೈ ಚಾಚಿದ.

"ನೀವು ರೂಮಲ್ಲಿ ಬಿಟ್ಟುಬಂದಿದ್ರಂತೆ, ಮಾರ್ತಾ ಅಜ್ಜಿ ಜೋಪಾನವಾಗಿ ಇಟ್ಕೊಂಡಿದ್ರು," ಎಂದ ಮೂರ್ತಿ. "ಅಲ್ಲಾ ಗೌರೀಶ್, ದಿನಾ ಬೆಳಗ್ಗೆ ಬಿಸಿ ಪುಪುಸಾ ತಂದಿಟ್ರೂ ನೀವು ಮುಟ್ಟಲೇ ಇಲ್ವಂತೆ? ಬಾಗಿಲು ಹಾಕ್ಕೊಂಡು ಕಟುಂ ಕುಟುಂ ಅಂತ ಏನೋ ಕಡೀತಿದ್ರಂತೆ?"

"ಒಳಗ ಮಾಂಸ ಗೀಂಸ ಇದ್ರ ಅಂತ ಅಂಜಿದೆ..."

"ಬೀನ್ಸು, ಚೀಸು ಅಂತ ನೀವೇ ಹೇಳಿದ್ರಲ್ಲ!"

"ಅದು... ವಾಪಸ್ ಬಂದ ಮ್ಯಾಲೆ ನೆಟ್‌ನಾಗ ಓದಿದ್ದು."

ಮೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕರೆ ನಗಲಿ. ನೇತ್ರಾ ಮುಚ್ಚಳದ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಸವರುತ್ತಿದ್ದಳು. ಅದನ್ನು ನೋಡಿ ಗೌರೀಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಲವತ್ತೂ ರೊಟ್ಟಿ ತಿಂದು ಮುಗಿಸಿದ ಬಾಯಿಂದಲೇ ಅವುಗಳನ್ನು ಹೀಯಾಳಿಸಿದ್ದನಲ್ಲ!

"ಡಬ್ಬಿ ಖಾಲಿ ಕೊಡಬಾರ್ದು ಅಂತ ಅಜ್ಜಿ ಒಂದು ಚೀಟಿ ಹಾಕಿದ್ದಾರೆ, ನಿಮಗೇ," ಎಂದು ಮೂರ್ತಿ ನೇತ್ರಾಳತ್ತ ತಿರುಗಿ, ಫೋನಿನಲ್ಲಿ ಅನುವಾದ ಮಾಡಿಟ್ಟಿದ್ದನ್ನು ಓದಿದ: "'ಮಗಳೇ, ನಾನು ಪುಪುಸಾ ಕೊಟ್ಟಾಗಲೆಲ್ಲ ನಿನ್ನ ಗಂಡ ಒಂದೇ ಮಾತು ಹೇಳುತ್ತಿದ್ದ, ನನ್ನ ಹೆಂಡತಿಯ ರೊಟ್ಟಿಯ ಮುಂದೆ ಇದೇನೂ ಅಲ್ಲ ಅಂತ. ಅದನ್ನು ಮಾಡುವುದು ನನಗೂ ಕಲಿಸು.'"

ನೇತ್ರಾ ಡಬ್ಬಿಯನ್ನು ಟೇಬಲ್ ಮೇಲೆ ಕುಕ್ಕಿದಳು. ಅವಳ ಕಣ್ಣು ತುಂಬಿತ್ತು.

"ಈ ಒಂದು ಮಾತು ಹೇಳಾಕ ನೀವು ಸಾನ್ ಸಾಲ್ವಡಾರ್ ಮಟ ಹೋಗಬೇಕಾತೇನ್ರಿ? ಅಡಿಗಿಮನಿ ಹತ್ತು ಹೆಜ್ಜಿ ಇತ್ತಲ್ಲ!"